ಪ್ಲೇಟಿನ ಕೆಳಗಿನ ನೀಲಿ

ಹಾಸನದಲ್ಲಿ ನಾನು ವಾದ್ಯ ರಿಪೇರಿ ಮಾಡುತ್ತಿದ್ದಾಗ, ಅರಕಲಗೂಡು ಕಡೆಯ ಹೆಂಗಸೊಬ್ಬಳು ಮೈದುನನ ಜೊತೆ ಹಳೆಯ ಬೇಸ್ ಗಿಟಾರ್ ತಂದಳು. ಆರ್ಕೆಸ್ಟ್ರಾದವರೊಂದಿಗೆ ತಿರುಗುತ್ತಿದ್ದ ಅವಳ ಗಂಡ ಮನೆಗೆ ಬಂದು ವರ್ಷಗಳೇ ಆಗಿದ್ದವು. ದೂರದೂರಲ್ಲಿ ತೀರಿಕೊಂಡ, ಅಲ್ಲೇ ಮಣ್ಣು ಮಾಡಿದೆವು ಎಂದು ಆರ್ಕೆಸ್ಟ್ರಾದವರು ಈ ಗಿಟಾರ್ ಕಳಿಸಿದ್ದರಂತೆ.

"ನಮ್ಮ ಯಜಮಾನ್ರದು ನೀಲಿ ಗಿಟಾರು ಕಣಣ್ಣಾ, ಇದು ಹಸಿರು. ಸತ್ತಿರೋದು ಬ್ಯಾರೆ ಯಾರೋ," ಎಂದಳು. ಹಣೆಯಲ್ಲಿ ಅಗಲವಾದ ಕುಂಕುಮವಿತ್ತು.

"ತಿಥಿ ಮಾಡಾಕೂ ಅತ್ಗೆ ಬಿಡ್ತಿಲ್ಲ. ಇದು ಅಣ್ಣಂದೇನಾ ಅಂತ ನೀವೇ ನೋಡಿ ಯೋಳಿ ಸಾ," ಎಂದ ಮೈದುನ.

ಮೇಲಿನ ವಾರ್ನಿಷ್ ಹಳತಾಗಿ ಹಳದಿಗೆ ತಿರುಗಿದರೆ, ಅದರಡಿಯ ನೀಲಿ ಹಸಿರಾಗಿ ಕಾಣುತ್ತದೆ. ಬೆಳಕು ಬೀಳದ ಕಡೆ ಮಾತ್ರ ಮೂಲ ಬಣ್ಣ ಹಾಗೇ ಇರುತ್ತದೆ. ದೇವರನ್ನು ನೆನೆದು, ತಂತಿಗಳ ಕೆಳಗಿನ ಪ್ಲಾಸ್ಟಿಕ್ ಪ್ಲೇಟಿನ ಸ್ಕ್ರೂ ಬಿಚ್ಚಿದೆ. ಒಳಗೆ ಅಚ್ಚ ನೀಲಿ.

ಅವಳು ಅದನ್ನು ಬೆರಳಲ್ಲಿ ಮುಟ್ಟಿ ನೋಡಿದಳು.

"ಮುಚ್ಬುಡಣ್ಣಾ," ಎಂದಳು.

ಮುಚ್ಚಿಕೊಟ್ಟೆ. ಮೈದುನ ಗಿಟಾರ್ ಎತ್ತಿಕೊಳ್ಳಲು ಬಂದರೆ ಬಿಡಲಿಲ್ಲ, ತಾನೇ ಎದೆಗೊತ್ತಿಕೊಂಡು ಬಸ್‌ ಸ್ಟ್ಯಾಂಡಿನ ಕಡೆ ನಡೆದಳು.

ಈಗಲೂ ಯಾರಾದರೂ ಹಳೇ ಗಿಟಾರಿನ ಮೂಲ ಬಣ್ಣ ನೋಡಿ ಹೇಳಿ ಎಂದರೆ, ಮೊದಲು ಕಾಫಿ ತರಿಸಿ, ಯಾಕೆ ಬೇಕು ಎಂದು ವಿಚಾರಿಸುತ್ತೇನೆ. ಸುಮ್ಮನೆ ಶೋಕಿಗೆ ಎಂದರೆ ಮಾತ್ರ ಸ್ಕ್ರೂಡ್ರೈವರ್ ಹುಡುಕುತ್ತೇನೆ.