ಅಜ್ಜಿಯನ್ನು ಅಟ್ಟಿದ್ದು

ಕಾಡಂಚಿನ ಗುಡ್ಡದಲ್ಲಿ ಒಬ್ಬನೇ ಕುರಿ ಮೇಯಿಸಿಕೊಂಡಿದ್ದವನು, ಬಹಳ ದಿನದ ಮೇಲೆ ತಮ್ಮನಿಗೆ ಮಂದೆ ಒಪ್ಪಿಸಿ ಊರಿಗೆ ಹೊರಟಿದ್ದೆ. ಹ್ಯಾಂಡ್‌ಪೋಸ್ಟಿನ ಬಸ್ ನಿಲ್ದಾಣದಲ್ಲಿ ಬಸ್ಸಿನ ಬಾಗಿಲಿಗೇ ಜನ ಅಂಟಿಕೊಂಡಿದ್ದರು. 'ಸ್ವಲ್ಪ ದಾರಿ ಬಿಡಿ' ಅನ್ನಬೇಕಿತ್ತು. ನನ್ನ ಬಾಯಿಂದ ಬಂದದ್ದು, "ಹುರ್ರ್, ಹೋಯ್!" ಸಾಲದ್ದಕ್ಕೆ ಕೈಲಿದ್ದ ಕೋಲು ಮುಂದಿದ್ದ ಅಜ್ಜಿಯ ಬೆನ್ನು ತಟ್ಟಿತ್ತು.

ಅಜ್ಜಿ ತಿರುಗಿ ನೋಡಿದರು. ನಾಚಿಕೆಯಿಂದ ಭೂಮಿಗಿಳಿದು ಹೋದೆ. ಕೋಲನ್ನು ಬೆನ್ನ ಹಿಂದೆ ಸರಿಸಿಕೊಂಡೆ.

"ಕುರಿ ಕಾಯೋನೇನ್ಲಾ ಮಗಾ?" ಅಂದರು. "ನಮ್ ಯಜಮಾನ್ರೂ ಅಂಗೇ ಕಣಪ್ಪ. ಗುಡ್ಡದಿಂದ ಬಂದ್ರೆ ನನ್ನೂ ಇಂಗೇ ಅಟ್ಟೋರು." ಬಸ್ಸು ಹತ್ತಿದ ಮೇಲೆ ಪಕ್ಕದಲ್ಲೇ ಜಾಗ ಮಾಡಿಕೊಟ್ಟರು. ಬೈದಿದ್ದರೇ ವಾಸಿಯಿತ್ತು.

ಊರಿಗೆ ಬಂದವನು ಕೋಲನ್ನು ಜಗುಲಿಯ ಆಚೆಗೇ ಒರಗಿಸಿ, ಕರೆಯುವ ಮುಂಚೆ ಹೆಂಡತಿಯ ಹೆಸರನ್ನು ಬಾಯೊಳಗೇ ಹೇಳಿ ನೋಡಿಕೊಂಡೆ.