ಸ್ಟೋರ್ ಅಂಕಲ್‌ಗೆ ನಾನು ಆರಿಸಿಕೊಟ್ಟ ಕ್ಯಾಮೆರಾ

ಮನೆ ಬದಲಿಸುವ ಗಡಿಬಿಡಿಯಲ್ಲಿ ಕಪಾಟಿನ ಕೆಳಗಿನ ಡ್ರಾಯರ್ ಖಾಲಿ ಮಾಡುತ್ತಿದ್ದೆ. ಹಳೆಯ ಬಿಲ್ಲುಗಳ ಅಡಿಯಲ್ಲಿ ಒಂದು ಕಪ್ಪು ಚೀಲ, ಅದರೊಳಗೆ ಅಂಗೈಯಷ್ಟು ದೊಡ್ಡ ಕ್ಯಾಮೆರಾ. ಕೈಗೆ ಕಟ್ಟಿಕೊಳ್ಳುವ ಅದರ ದಾರದಿಂದ ನೀಲಗಿರಿ ಎಣ್ಣೆಯ ವಾಸನೆ ಬಂತು. ಇಷ್ಟು ವರ್ಷ ವಾಸನೆ ಉಳಿಯುತ್ತದೆಯೇ ಎಂದು ಯಾರಾದರೂ ಕೇಳಬಹುದು. ನನಗಂತೂ ಬಂತು.

ಅದು ಸದಾ ನೀಲಗಿರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದ ನಮ್ಮ ಆಫೀಸಿನ ಸ್ಟೋರ್ ಅಂಕಲ್ ಅವರದು. ಇಲ್ಲಿ ಕೊಲ್ಲಿ ದೇಶದಲ್ಲಿ, ಅಲ್ ಕೂಜ್‌ನ ಒಂದು ಟೈಲ್ಸ್ ಕಂಪನಿಯಲ್ಲಿ ನಾನು ರಿಸೆಪ್ಷನ್‌ನಲ್ಲಿದ್ದೆ, ಅವರು ಗೋದಾಮು ನೋಡಿಕೊಳ್ಳುತ್ತಿದ್ದರು. ಉಡುಪಿ ಕಡೆಯ ಕೊಂಕಣಿ ಕ್ರಿಶ್ಚಿಯನ್ನರು, ಐವತ್ತೈದು ದಾಟಿದವರು. ಇಬ್ಬರೂ ಸತ್ವಾ ಬಡಾವಣೆಯಲ್ಲಿ ಇದ್ದೆವು. ನಾನು, ಗಂಡ, ಮಗು ಒಂದು ವಿಲ್ಲಾದ ಎರಡು ಕೋಣೆಗಳಲ್ಲಿ, ಅವರು ಎಂಟು ಮಂದಿಯ ರೂಮಿನ ಒಂದು ಬೆಡ್‌ಸ್ಪೇಸಿನಲ್ಲಿ. ಸಂಜೆ ಆಯಿತೆಂದರೆ ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಇರುಳುಗಣ್ಣು. ಊರಿನಲ್ಲಿ ಮಗಳು ನರ್ಸಿಂಗ್ ಓದುತ್ತಿದ್ದಳು, ಇನ್ನೆರಡು ವರ್ಷ ಬಾಕಿ ಇತ್ತು. ಅಲ್ಲಿಯವರೆಗೆ ಹೇಗಾದರೂ ಈ ಕೆಲಸ ಉಳಿಯಬೇಕು, ಕಣ್ಣಿನ ವಿಷಯ ಕಂಪನಿಗೆ ತಿಳಿಯಬಾರದು ಎಂದು ಅವರು ಹಟ ಹಿಡಿದಿದ್ದರು. ಇದೆಲ್ಲ ನನಗೆ ಈಗ ಗೊತ್ತು. ಆಗ ಗೊತ್ತಿರಲಿಲ್ಲ.

ಗೊತ್ತಾಗದ್ದು ಒಳ್ಳೆಯದೇ ಆಗಿತ್ತು, ಅವರ ಲೆಕ್ಕದಲ್ಲಿ. ನನ್ನ ಬಾಯಿ ಆಫೀಸಿಗೇ ಪ್ರಸಿದ್ಧ. ಬೆಳಿಗ್ಗೆ ನನ್ನ ಕಿವಿಗೆ ಬಿದ್ದ ಮಾತು ಮಧ್ಯಾಹ್ನದ ಊಟದೊಳಗೆ ಪ್ಯಾಕಿಂಗ್‌ನವರ ತನಕ ಮುಟ್ಟುತ್ತಿತ್ತು.

ಆ ದಿನಗಳಲ್ಲಿ ನಾನು ಮಗುವಿನ ಫೋಟೊ ತೆಗೆಯಲು ಒಂದು ಸಣ್ಣ ಕ್ಯಾಮೆರಾ ಕೊಂಡಿದ್ದೆ. ಫೋನುಗಳಿಗೆ ಆಗ ಕತ್ತಲೆಯಲ್ಲಿ ಏನೂ ಕಾಣುತ್ತಿರಲಿಲ್ಲ, ಫ್ಲ್ಯಾಶ್ ಹಾಕಿದರೆ ಮಗು ಕಿರುಚುತ್ತಿತ್ತು. ಹಾಗಾಗಿ ತಿಂಗಳುಗಟ್ಟಲೆ ಓದಿ ದೊಡ್ಡ ಪಂಡಿತೆಯಾಗಿದ್ದೆ. ಮೆಗಾಪಿಕ್ಸೆಲ್ ಎಲ್ಲ ಬರೀ ಬೊಗಳೆ, ಲೆನ್ಸಿನ ಬಾಯಿ ಅಗಲ ಇರಬೇಕು, ಒಳಗಿನ ಸೆನ್ಸರ್ ದೊಡ್ಡದಿರಬೇಕು ಎಂದು ಕಂಡಕಂಡವರಿಗೆ ಪಾಠ ಹೇಳುತ್ತಿದ್ದೆ. ಒಂದು ದಿನ ಚಹಾದ ಹೊತ್ತಿಗೆ ಅಂಕಲ್ ಬಂದು ತನಗೂ ಒಂದು ಆರಿಸಿಕೊಡು ಎಂದರು. ತಾನಿರುವ ರೂಮಿನ ಫೋಟೊ ಹೆಂಡತಿಗೆ ಬೇಕಂತೆ. ನೈಟ್ ಡ್ಯೂಟಿಯವರು ಮಲಗಿರುವುದರಿಂದ ಹಗಲಿಡೀ ಪರದೆ ಎಳೆದಿರುತ್ತದೆ, ಫ್ಲ್ಯಾಶ್ ಹೊಡೆದರೆ ಅವರಿಗೆ ಎಚ್ಚರವಾಗುತ್ತದೆ ಎಂದರು. ನಾನು ನಂಬಿದೆ.

ಕ್ಯಾಮೆರಾ ಅಂಗಡಿಗಳಿರುವ ನೈಫ್ ಪೇಟೆಗೆ ಶುಕ್ರವಾರ ಸಂಜೆ ಹೋಗೋಣ ಎಂದರೆ ಬೇಡ, ಬೆಳಿಗ್ಗೆಯೇ ಹೋಗೋಣ ಎಂದರು. ಅಂಗಡಿಯವನು ಮೊಣಕೈಯುದ್ದ ಜೂಮ್ ಇರುವುದನ್ನು ತೋರಿಸಿ ಹೊಗಳತೊಡಗಿದ. ನಾನು ಅವನನ್ನು ಸುಮ್ಮನಾಗಿಸಿ ನನಗೆ ಬೇಕಾದ್ದನ್ನು ತೆಗೆಸಿದೆ. ಅಂಕಲ್ ಅದನ್ನು ಹಿಡಿದು ಅಂಗಡಿಯ ಹಿಂದಿನ ಮೆಟ್ಟಿಲ ಕೆಳಗೆ, ಖಾಲಿ ಡಬ್ಬಗಳಿದ್ದ ಕತ್ತಲೆಗೆ ಹೋದರು. ನಾನು ಶಟರ್ ಸ್ಪೀಡಿನ ಬಗ್ಗೆ ವಿವರಿಸುತ್ತಲೇ ಇದ್ದೆ. ಅವರು ಕೇಳಿದ್ದು ಒಂದೇ ಒಂದು ಪ್ರಶ್ನೆ.

"ಅದೆಲ್ಲ ಇರಲಿ ಮಗಳೇ. ತೆಗೆದ ಕೂಡಲೇ ಸ್ಕ್ರೀನಿನಲ್ಲಿ ಬೆಳಕಾಗಿ ಕಾಣ್ತದಲ್ಲ?"

ಕಾಣುತ್ತಿತ್ತು. ಡಬ್ಬಗಳ ಮೇಲಿನ ಅಕ್ಷರ ಕೂಡ ಕಾಣುತ್ತಿತ್ತು. ಅವರ ಮುಖ ಎಷ್ಟು ಅರಳಿತೆಂದರೆ, ನನಗೆ ನನ್ನ ಪಾಂಡಿತ್ಯದ ಬಗ್ಗೆ ಭಾರೀ ಹೆಮ್ಮೆಯಾಯಿತು.

ಚಳಿಗಾಲ ಬಂತು. ಆರಕ್ಕೆ ಆಫೀಸು ಬಿಡುವಾಗ ಪೂರ್ತಿ ಕತ್ತಲೆಯಾಗಿರುತ್ತಿತ್ತು. ಬಸ್‌ಸ್ಟಾಪಿಗೆ ಹತ್ತು ನಿಮಿಷದ ದಾರಿ. ಗೋದಾಮುಗಳ ಹಿಂದಿನ ಗಲ್ಲಿ, ದೀಪಗಳು ಅಲ್ಲೊಂದು ಇಲ್ಲೊಂದು, ಲಾರಿಗೆ ಮಾಲು ತುಂಬುವ ಕಟ್ಟೆಗಳ ಅಂಚು ದಾರಿಗೇ ಚಾಚಿಕೊಂಡಿರುತ್ತಿತ್ತು. ಆಫೀಸಿನ ಎಸಿಗೆಂದು ಹೊದೆಯುತ್ತಿದ್ದ ಬಿಳಿ ಶಾಲನ್ನು ಹಾಗೇ ಹೊದ್ದು ನಾನು ಹೊರಡುತ್ತಿದ್ದೆ. ಅಂಕಲ್ ಸರಿಯಾಗಿ ಅದೇ ಹೊತ್ತಿಗೆ ಹೊರಟು, ಹತ್ತು ಹೆಜ್ಜೆ ಹಿಂದೆ ಬರುತ್ತಿದ್ದರು. ಮಾತಾಡಿಕೊಂಡು ಬನ್ನಿ ಎಂದರೆ, ಮೊಣಕಾಲು ನೋವು, ನೀನು ನಡಿ ಎನ್ನುತ್ತಿದ್ದರು.

ಜನವರಿಯಲ್ಲಿ ಆಫೀಸಿನಲ್ಲಿ ಯಾರದೋ ಹುಟ್ಟುಹಬ್ಬ. ಅಂಕಲ್ ಅವರಿಂದ ಕ್ಯಾಮೆರಾ ಇಸಿದುಕೊಂಡು ಕೇಕಿನ ಫೋಟೊ ತೆಗೆದೆ. ಹೇಗೆ ಬಂತೆಂದು ನೋಡುತ್ತಾ ಹಿಂದಕ್ಕೆ ಹೋದರೆ ನನ್ನ ಬೆನ್ನು. ಇನ್ನೂ ಹಿಂದಕ್ಕೆ ಹೋದೆ. ಮತ್ತೆ ನನ್ನ ಬೆನ್ನು. ಗಲ್ಲಿ, ಕತ್ತಲೆ, ಬಿಳಿ ಶಾಲು... ಒಂದಲ್ಲ, ಎರಡಲ್ಲ. ಕ್ಯಾಮೆರಾ ಅವರ ಕೈಗೆ ಕೊಟ್ಟು ನಗುನಗುತ್ತಲೇ ಟಾಯ್ಲೆಟ್‌ಗೆ ಹೋಗಿ ಅತ್ತೆ.

ಮುಂದಿನ ಮೂರು ಸಂಜೆ ನಾನು ದಾಪುಗಾಲು ಹಾಕಿದೆ. ಮೂರನೆಯ ಸಂಜೆಯಂತೂ ಓಡಿಯೇ ಬಿಟ್ಟೆ. ಮರುದಿನ ಅಂಕಲ್ ಕಾಲಿಗೆ ಬ್ಯಾಂಡೇಜು ಕಟ್ಟಿಕೊಂಡು ಕುಂಟುತ್ತಾ ಬಂದರು. ಬಾತ್‌ರೂಮಿನಲ್ಲಿ ಜಾರಿದೆ ಎಂದು ಯಾರಿಗೋ ಹೇಳುತ್ತಿದ್ದರು. ಬೀಳಲಿ, ಹಾಗೇ ಆಗಬೇಕು ಎಂದುಕೊಂಡೆ ನಾನು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಅಂದುಕೊಂಡದ್ದು ನಿಜ.

ಆ ರಾತ್ರಿ ಗಂಡನಿಗೆ ಹೇಳಿದೆ. ಹೆಂಗಸರ ಫೋಟೊ ಕೇಳದೆ ತೆಗೆಯುವುದು ಈ ದೇಶದಲ್ಲಿ ಸಣ್ಣ ವಿಷಯವಲ್ಲ, ಪೊಲೀಸಿಗೆ ಹೋಗುವ ಮೊದಲು ಮ್ಯಾನೇಜರ್‌ಗೆ ತಿಳಿಸು ಎಂದರು. ತಿಳಿಸಿದೆ.

ಮ್ಯಾನೇಜರ್ ತಮ್ಮ ಕೋಣೆಗೆ ಇಬ್ಬರನ್ನೂ ಕರೆದರು. ಕ್ಯಾಮೆರಾ ಮೇಜಿನ ಮೇಲಿತ್ತು. ಫೋಟೊಗಳನ್ನು ಒಂದೊಂದಾಗಿ ನೋಡಿ, ಇದಕ್ಕೇನು ಹೇಳುತ್ತೀರಿ ಎಂದು ಹಿಂದಿಯಲ್ಲಿ ಕೇಳಿದರು. ಅಂಕಲ್ ಏನೋ ಒಂದು ಸುಳ್ಳು ಹೇಳಬಹುದಿತ್ತು. ಕ್ಷಮೆ ಕೇಳಿ ಕೈಮುಗಿದಿದ್ದರೆ ಬೈದು ಬಿಡುತ್ತಿದ್ದರೋ ಏನೋ. ಆದರೆ ಅವರು ನೋಡಿದ್ದು ನನ್ನ ಕಡೆಗೆ. ನಾನು ಶಾಲನ್ನು ಕುತ್ತಿಗೆಯವರೆಗೆ ಎಳೆದುಕೊಂಡು ಕೂತಿದ್ದೆ.

"ಹೆದರಬೇಡ ಮಗಳೇ," ಎಂದರು. "ನನಗೆ ಆರು ಗಂಟೆಯ ಮೇಲೆ ಕಣ್ಣು ಕಾಣುವುದಿಲ್ಲ. ನೀನು ಎಲ್ಲಿ ಹೋದಿ ಅಂತ ಫೋಟೊ ತೆಗೆದು ನೋಡಿಕೊಂಡು, ಅಲ್ಲೇ ಕಾಲು ಹಾಕ್ತಾ ಬರ್ತಿದ್ದೆ. ಬಿಳಿ ಒಂದು ಗೊತ್ತಾಗ್ತದೆ ನೋಡು."

ಮತ್ತೆ ಅದನ್ನೇ ಹಿಂದಿಯಲ್ಲಿ ಮ್ಯಾನೇಜರ್‌ಗೆ ಹೇಳಿದರು. ಎರಡನೆಯ ಸಲ ಹೇಳುವಾಗ ಅವರ ದನಿ ಸಣ್ಣದಾಗಿತ್ತು.

ನಾನು ತಪ್ಪು ತಿಳಿದೆ, ಇದನ್ನು ಇಲ್ಲಿಗೇ ಬಿಡಿ ಎಂದು ಮ್ಯಾನೇಜರನ್ನು ಬೇಡಿಕೊಂಡೆ. ಅವರು ಕೆಟ್ಟವರಲ್ಲ. ಫೋರ್ಕ್‌ಲಿಫ್ಟ್ ಓಡಾಡುವ ಗೋದಾಮು, ಗೊತ್ತಾದ ಮೇಲೆ ಗೊತ್ತಿಲ್ಲ ಅನ್ನಲಾಗದು, ನಾಳೆ ಏನಾದರೂ ಆದರೆ ಯಾರು ಹೊಣೆ ಎಂದರು. ಖಲಾಸ್. ತಿಂಗಳೊಳಗೆ ವೀಸಾ ಕ್ಯಾನ್ಸಲ್ ಆಯಿತು.

ಹೊರಡುವ ಮುಂಚಿನ ದಿನ ಮಧ್ಯಾಹ್ನ ಅಂಕಲ್ ರಿಸೆಪ್ಷನ್‌ಗೆ ಬಂದರು. ನಾನು ಎಡೆಬಿಡದೆ ಮಾತಾಡಿದೆ. ಊರಿನಲ್ಲಿ ಒಳ್ಳೆಯ ಕಣ್ಣಿನ ಡಾಕ್ಟರರಿದ್ದಾರೆ, ಈಗ ಎಲ್ಲದಕ್ಕೂ ಆಪರೇಷನ್ ಇದೆ... ಬಾಯಿಗೆ ಬಂದದ್ದೆಲ್ಲ ಹೇಳಿದೆ. ತಪ್ಪಾಯಿತು ಎಂಬ ಒಂದು ಮಾತನ್ನು ಬಿಟ್ಟು. ಅವರು ಎಲ್ಲ ಕೇಳಿಸಿಕೊಂಡು ಕ್ಯಾಮೆರಾದ ಚೀಲವನ್ನು ನನ್ನ ಮೇಜಿನ ಮೇಲಿಟ್ಟರು.

"ಇದರಲ್ಲಿ ನಿನ್ನ ಫೋಟೊ ಉಂಟು. ನನ್ನ ಹತ್ತಿರ ಇರುವುದು ಚಂದ ಅಲ್ಲ."

ಮಗಳು ಓದು ಅರ್ಧಕ್ಕೇ ಬಿಟ್ಟು ಬಟ್ಟೆ ಅಂಗಡಿಗೆ ಸೇರಿದಳೆಂದು ಮುಂದಿನ ವರ್ಷ ತಿಳಿಯಿತು. ಊರಿಗೆ ರಜೆಯಲ್ಲಿ ಹೋದಾಗಲೆಲ್ಲ ಅವರ ಮನೆಯ ತಿರುವನ್ನು ಬಸ್ಸಿನಿಂದ ನೋಡಿದ್ದೇನೆ, ಒಮ್ಮೆಯೂ ಇಳಿಯಲಿಲ್ಲ. ಕಳೆದ ವರ್ಷ ಹಳೆಯ ಆಫೀಸಿನವರ ವಾಟ್ಸ್ಯಾಪ್ ಗುಂಪಿನಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ಎಲ್ಲರೂ ಕೈಮುಗಿದ ಚಿತ್ರ ಹಾಕಿದ್ದರು. ನಾನೂ ಹಾಕಿದೆ.

ಚೀಲದಲ್ಲೇ ಇದ್ದ ಚಾರ್ಜರಿಗೆ ಬ್ಯಾಟರಿ ಸಿಕ್ಕಿಸಿದ್ದು ಮಗ. ಆಗಿನ ಮಗುವಿಗೆ ಈಗ ಎಂಟು ವರ್ಷ. "ಡಸ್ ಇಟ್ ಈವನ್ ವರ್ಕ್, ಅಮ್ಮಾ?" ಎನ್ನುತ್ತಲೇ ಸ್ವಿಚ್ ಒತ್ತಿದ. ಹೊತ್ತಿಕೊಂಡಿತು. ಕೇಕಿನ ಚಿತ್ರ ದಾಟಿ ಮುಂದಕ್ಕೆ ಹೋದ. ಮೊದಲು ಬಿಳಿ ಶಾಲು ಹತ್ತಿರದಲ್ಲಿತ್ತು. ಆಮೇಲೆ ಸಣ್ಣದಾಯಿತು, ಇನ್ನೂ ಸಣ್ಣದಾಯಿತು. ಒಂದರಲ್ಲಿ ಅದು ಬರೀ ಕಲಸಿಹೋದ ಒಂದು ಗೆರೆ. ಅದರ ಮುಂದಿನದರಲ್ಲಿ ಗಲ್ಲಿ, ಕಟ್ಟೆಯ ಅಂಚು, ಕತ್ತಲೆ ಅಷ್ಟೇ. ಅದೇ ಗಲ್ಲಿಯ ಖಾಲಿ ಚಿತ್ರಗಳು ಆಮೇಲೂ ಏಳೆಂಟು ಇದ್ದವು, ಎಡಕ್ಕೆ ಒಂದು, ಬಲಕ್ಕೆ ಒಂದು.

ಮಗ ಶಾಲು ಹಾರುತ್ತಿದ್ದ ಹಿಂದಿನ ಚಿತ್ರಕ್ಕೆ ಮರಳಿ, ಇದು ನೀನಾ ಎಂದು ಕೇಳಿದ. ಹೌದು ಎಂದೆ.

"ವೈ ಆರ್ ಯು ರನ್ನಿಂಗ್?"

ಹಿಂದೆ ಒಬ್ಬರು ಅಂಕಲ್ ಬರುತ್ತಿದ್ದರು, ಅವರಿಗೆ ಕಣ್ಣು ಕಾಣುತ್ತಿರಲಿಲ್ಲ ಎಂದೆ. ಹಾಗಾದರೆ ಯಾಕೆ ಓಡಿದೆ ಎಂದು ಅವನು ಮತ್ತೆ ಕೇಳಿದ. ನಾನು ಕ್ಯಾಮೆರಾ ತೆಗೆದುಕೊಂಡು ಆ ಖಾಲಿ ಗಲ್ಲಿಯ ಚಿತ್ರಗಳನ್ನು ಒಂದೊಂದಾಗಿ ಎಣಿಸತೊಡಗಿದೆ.