ಚೀಲದ ತಳಕ್ಕೆ ಹೋದ ಕೈ

ಕಳೆದ ವಾರ ವರ್ಷದ ಮೆಣಸಿನಕಾಯಿ ಕೊಳ್ಳಲು ಬ್ಯಾಡಗಿಗೆ ಹೋದವನು ಚೀಲದೊಳಗೆ ಮೊಣಕೈವರೆಗೆ ಕೈ ತೂರಿಸಿದೆ. ಮೇಲೆ ಕಂಡ ಕಾಯಿಯೇ ತಳದಲ್ಲೂ ಇದೆಯೋ ಎಂದು ನೋಡುವ ಚಟ. ಘಾಟು ಮೂಗಿಗೇರಿ ಮೂರು ಸಲ ಸೀನಿದೆ. ಮೂರನೆಯ ಸೀನಿಗೆ ಸುಬೇದಾರ ಕಾಕಾ ನೆನಪಾದರು...

ರಾಣೆಬೆನ್ನೂರಿನಲ್ಲಿ ನಮ್ಮ ಪಕ್ಕದ ಮನೆಯವರು. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯ ಮಗ, ಸೈನ್ಯ ಸೇರಿ ವರ್ಷಗಟ್ಟಲೆ ಹಿಮದ ಬೆಟ್ಟಗಳಲ್ಲಿದ್ದು ಬಂದವರು. ಎಲ್ಲದರ ಬಗ್ಗೆಯೂ ಮಾತಾಡುತ್ತಿದ್ದರು. ಹಿಮದ ಸುದ್ದಿ ತೆಗೆದರೆ ಮಾತ್ರ ಎದ್ದು ಗಿಡಗಳಿಗೆ ನೀರು ಹಾಕಲು ಹೋಗುತ್ತಿದ್ದರು.

ಒಂದು ವರ್ಷ ಡಿಸೆಂಬರಿನಲ್ಲಿ ನಮ್ಮ ವಾಕಿಂಗ್ ಗೆಳೆಯರು ಹಿಮಾಲಯಕ್ಕೆ ಚಾರಣ ಹೊರಟರು. ಸ್ಟೇಷನ್ನಿನ ಮೇಲ್ಸೇತುವೆ ಹತ್ತುವಾಗಲೂ ಕಂಬಿ ಬಿಡದ ನಾನೂ ಹೆಸರು ಕೊಟ್ಟೆ. ಕೊಟ್ಟ ಗಳಿಗೆಯಿಂದ ನಿದ್ದೆ ಹೋಯಿತು.

"ಹಂಗಾಮಿನ ಮೊದಲ ಹಿಮ, ಭಾಳ ಇರಂಗಿಲ್ಲಂತ ಕಾಕಾ. ಹೆದರಿಕಿ ಇಲ್ಲಲ್ಲರಿ?" ಎಂದು ಕೇಳಿದೆ.

ಅಂದು ಅವರು ಗಿಡಗಳತ್ತ ಹೋಗದೆ ಅಗಲವಾದ ಪರಾತ ತಂದು, ಗೋಣಿತಾಟು ಹಾಸಿ, ಅದರ ಮೇಲೆ ಸಕ್ಕರೆ ಹರಡಿ, ಸಕ್ಕರೆಯ ಮೇಲೆ ಗೋಧಿ ಹಿಟ್ಟು ಒತ್ತಿ ಕೂರಿಸಿದರು. "ಸಂಜೀಗೆ ಚಪಾತಿ ಬ್ಯಾಡೇನ್ರಿ ನಿಮಗ?" ಎಂದು ಒಳಗಿನಿಂದ ಅವರ ಹೆಂಡತಿ, ನಮ್ಮ ಕಾಕು, ಕೂಗಿದರು. ಕಾಕಾ ಪರಾತವನ್ನು ಓರೆ ಮಾಡಿದರು. ಹಿಟ್ಟು ಹಲಗೆಯಂತೆ ಒಟ್ಟಿಗೇ ಜಾರಿ ನನ್ನ ತೊಡೆಯ ಮೇಲೆ ಬಿತ್ತು.

"ಮೊದಲ ಹಿಮ ತೆಳ್ಳಗ ಬಿದ್ದು, ಚಳಿಯೊಳಗ ಹಂಗ ಕುಂತ್ರ ಸಕ್ಕರಿ ಆಗತೈತಿ. ಮುಷ್ಟಿ ಕಟ್ಟಿದ್ರ ಉಂಡಿ ಆಗಂಗಿಲ್ಲ. ಅದರ ಮ್ಯಾಲೆ ಹೊಸಾದು ಬಿತ್ತಂದ್ರ..." ನನ್ನ ತೊಡೆಯತ್ತ ಬೆರಳು ತೋರಿಸಿದರು.

ಬಿದ್ದ ಹಿಮ ಬಿದ್ದಂತೆಯೇ ಇರುತ್ತದೆಂದು ತಿಳಿದಿದ್ದೆ. ಕೆಳಗಿನ ನೆಲದ ಬಿಸುಪಿಗೂ ಮೇಲಿನ ಚಳಿಗೂ ನಡುವೆ ಅದು ಒಳಗೊಳಗೇ ರೂಪ ಬದಲಿಸುತ್ತದಂತೆ. ನನ್ನ ಪ್ರಶ್ನೆಗಳು ಮುಗಿಯಲಿಲ್ಲ. ನಿಮಗೆ ಇದೆಲ್ಲ ಹೇಗೆ ಗೊತ್ತು ಎಂದೂ ಕೇಳಿಬಿಟ್ಟೆ.

ಅದೊಂದೇ ಸಲ ಹೇಳಿದರು. ಗಿಡದಿಂದ ಮೊದಲ ಸಲ ಬಿಡಿಸಿದ ಕಾಯಿಯೇ ಉತ್ತಮವೆಂದು ನಂಬುವ ಮನೆಯಲ್ಲಿ ಬೆಳೆದವರು, ಮೊದಲ ಹಿಮವನ್ನೂ ಹಾಗೇ ನಂಬಿ ಜೊತೆಯವರಿಗೆ ಇಳಿಜಾರು ದಾಟಲು ಹೇಳಿದ್ದರು. ಹಿಮ ಕುಸಿಯಿತು, ಮುಂದೆ ಹೋದ ಜೊತೆಗಾರ ಮರಳಲಿಲ್ಲ.

"ಚೀಲ ಕಂಡಲ್ಲೆಲ್ಲಾ ಕೈ ಹಾಕಾಂವ, ಅವತ್ತ ಹಿಮದಾಗ ಹಾಕಲಿಲ್ಲ ತಮ್ಮಾ."

ಚಾರಣಕ್ಕೆ ಹೋದಾಗ, ಬೆಟ್ಟದಲ್ಲಿ ಎರಡು ದಿನ ಹೊಸ ಹಿಮ ಸುರಿದ ಮರುದಿನ, ಕಡಿದಾದ ಇಳಿಜಾರಿನ ಅಂಚಿನಲ್ಲಿ ಕೂತು ಹಿಮ ಅಗೆದೆ. "ಎಷ್ಟ ಚೀಲ ಬೇಕ್ರಿ ಸಾವ್ಕಾರ್ರ?" ಎಂದು ಗೆಳೆಯರು ನಕ್ಕರು. ತಳದ ಹಿಮ ಮುಷ್ಟಿಯಲ್ಲಿ ನಿಲ್ಲದೆ ಬೆರಳ ಸಂದಿಯಿಂದ ಸುರಿಯಿತು. ಮಾರ್ಗದರ್ಶಿಯೂ ಕೈ ಹಾಕಿ ನೋಡಿದ. ಎಲ್ಲರನ್ನೂ ಬಂದ ದಾರಿಗೇ ತಿರುಗಿಸಿದ. ಆ ಇಳಿಜಾರು ಆಮೇಲೆ ಜಾರಿತೋ ಇಲ್ಲವೋ, ಇಂದಿಗೂ ತಿಳಿಯದು. ಊರು ಮುಟ್ಟುವವರೆಗೆ ಪುಕ್ಕಲ ಎನಿಸಿಕೊಂಡೆ.

"ಏನೂ ಆಗಲಿಲ್ಲ ಕಾಕಾ. ಸುಮ್ನ ಹೊಳ್ಳಿ ಬಂದ್ವಿ," ಎಂದೆ, ನಾಚಿಕೆಯಿಂದ.

"ಎಲ್ಲಾರೂ?"

"ಎಲ್ಲಾರೂ."

ಕಾಕಾ ಗಿಡಗಳಿಗೆ ನೀರು ಹಾಕಲು ಎದ್ದರು.

ಕಾಕಾ ಈಗಿಲ್ಲ. ಅಷ್ಟೆಲ್ಲ ಪ್ರಶ್ನೆ ಕೇಳಿದವನು ಆ ಜೊತೆಗಾರನ ಹೆಸರು ಮಾತ್ರ ಕೇಳಲಿಲ್ಲ... ಇನ್ನು ಕೇಳಲು ಯಾರೂ ಉಳಿದಿಲ್ಲ.

"ತಳದ ತನಕ ಒಂದ ಮಾಲ ಐತ್ರಿ, ನಂಬ್ರಿ," ಎಂದ ಬ್ಯಾಡಗಿಯ ಅಂಗಡಿಯವ.

ನಂಬಿದೆ ಎಂದೆ. ಕೈ ಉರಿಯುತ್ತಿತ್ತು. ಆದರೂ ತಳ ಮುಟ್ಟುವವರೆಗೆ ಹೊರಗೆ ತೆಗೆಯಲಿಲ್ಲ.